ಹಳೆಯ ಮೋಟಾರ್ ಸೈಕಲ್ಲಿನ ಖರೀದಿ

ಕಳೆದ ದೀಪಾವಳಿಯ ಹೊತ್ತಿಗೆ ನಾವು ಬಾಗಲಕೋಟೆಯಿಂದ ಇಳಕಲ್ಲಿಗೆ ಹೋದದ್ದು ಸೀರೆ ತರುವದಕ್ಕೆ. ಮಾತು ಕೊಟ್ಟು ಬಂದದ್ದು ಒಂದು ಹಳೆಯ ಮೋಟಾರ್ ಸೈಕಲ್ಲಿಗೆ. ನೇಕಾರರ ಓಣಿಯ ಒಂದು ಮನೆಯ ಪಡಸಾಲೆಯಲ್ಲಿ, ಬಿಚ್ಚಿಟ್ಟ ಮಗ್ಗದ ಕಟ್ಟಿಗೆಗಳ ಬದಿಗೆ, ಅದು ಗೋಣಿತಟ್ಟು ಹೊದ್ದು ನಿಂತಿದ್ದಿತು. ಹುನಗುಂದದ ಸುತ್ತಿನ ಹಳ್ಳಿಶಾಲೆಗಳಲ್ಲಿ ಮಾಸ್ತರರಾಗಿದ್ದ ಮನೆಯ ಯಜಮಾನರು ೧೯೯೨ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್ ಅದು. ಅವರು ತೀರಿಕೊಂಡು ಆರು ವರುಷಗಳಾಗಿದ್ದವು. ಗುಜರಿಯವನು ಎಂಟು ಸಾವಿರ ರೂಪಾಯಿಗೆ ಕೇಳಿರುವನೆಂದೂ, ಅಷ್ಟೇ ಕೊಟ್ಟರೆ ನಮಗೇ ಕೊಡುವೆನೆಂದೂ ಅವರ ಪತ್ನಿ ಹೇಳಿದರು. ನಾವು ಒಡನೆ ಒಪ್ಪಿ ಐದುನೂರು ರೂಪಾಯಿ ಸಂಚಕಾರವನ್ನಿತ್ತೆವು.

ಈ ಗಾಡಿಯ ಕುಲವನ್ನರಿಯದ ವಾಚಕರಿಗಾಗಿ ಎರಡು ಮಾತು. ಜೆಕೊಸ್ಲೊವಾಕಿಯಾದಲ್ಲಿ ೧೯೨೯ರಲ್ಲಿ ಹುಟ್ಟಿದ ಜಾವಾ ಕಂಪನಿಯ ಪರವಾನಿಗೆ ಪಡೆದು, ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯು ೧೯೬೧ರಿಂದ ಗಾಡಿಗಳನ್ನು ಮಾಡಹತ್ತಿತು. ೧೯೭೩ರಿಂದ ಅವಕ್ಕೆ ಯೆಜ್ಡಿಯೆಂದು ಹೆಸರಾಯಿತು. ೧೯೭೮ರಲ್ಲಿ ರೋಡ್‌ಕಿಂಗ್ ಹೊರಬಿದ್ದಿತು. ೨೫೦ ಸಿ.ಸಿ.ಯ ಒಂದೇ ಸಿಲಿಂಡರು, ಎಡಬಲಕ್ಕೆ ಎರಡು ಸೈಲೆನ್ಸರು; ಹೆಂಡತಿಯನ್ನೂ ಗಂಟುಮೂಟೆಯನ್ನೂ ಹೇರಿಕೊಂಡು ದೂರದ ಊರಿಗೆ ಹೊರಡುವವರಿಗೆ ಅದು ಮೆಚ್ಚಿನ ವಾಹನವಾಗಿದ್ದಿತು. ೧೯೯೬ರಲ್ಲಿ ಕಾರಖಾನೆ ಮುಚ್ಚಿತು. ೨೦೨೨ರಲ್ಲಿ ಅದೇ ಹೆಸರಿನ ಹೊಸ ಗಾಡಿಗಳು ಬಂದವಾದರೂ ಅವುಗಳ ಎಂಜಿನ್ನೇ ಬೇರೆ. ಹೀಗಾಗಿ ನಡೆಯುವ ರೋಡ್‌ಕಿಂಗಿಗೆ ಹವ್ಯಾಸಿಗಳು ಗುಜರಿಯ ದರದ ಹಲವು ಪಟ್ಟು ಕೊಡುವರು. ಇದು ನಮಗೆ ತಿಳಿದಿದ್ದಿತು. ಆ ತಾಯಿಗೆ ತಿಳಿದಿರಲಿಲ್ಲ.

ಮರಳುವ ಬಸ್ಸಿನಲ್ಲಿ ನಮ್ಮ ಜಾಣತನವನ್ನು ಮನೆಯವರ ಮುಂದೆ ಕೊಚ್ಚಿಕೊಂಡೆವು. ಅವರು ಅಮೀನಗಡ ಬರುವವರೆಗೂ ಮಾತಾಡಲಿಲ್ಲ. ಆಮೇಲೆ, "ಅದರ ಬೆಲಿ ಅವರಿಗೆ ಗೊತ್ತಿಲ್ಲ ಅನ್ನೂದು ನಿಮಗ ಗೊತ್ತಿತ್ತಲ್ಲರೀ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಮುಂದಿನ ರವಿವಾರ ಒಬ್ಬ ಮಿಸ್ತ್ರಿಯನ್ನು ಕರೆದುಕೊಂಡು ಪುನಃ ಹೋದೆವು. ನಡೆಯದೆ ನಿಂತ ಗಾಡಿಯನ್ನು ಪರೀಕ್ಷಿಸುವ ಬಗೆಯನ್ನು ಅಂದೇ ಕಲಿತದ್ದು. ಆತ ಬಣ್ಣದ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ. ಮೊದಲು ಚೌಕಟ್ಟಿನ ಮೇಲಿನ ಮತ್ತು ಎಂಜಿನ್ನಿನ ಮೇಲಿನ ಅಂಕಿಗಳನ್ನು ಆರ್.ಸಿ. ಪುಸ್ತಕದೊಡನೆ ತಾಳೆ ನೋಡಿದನು. ಒಂದು ಅಂಕಿ ಹೆಚ್ಚುಕಡಿಮೆಯಾದರೂ ಗಾಡಿ ಬೇಡವೆಂದು ಅವನ ಕಟ್ಟುನಿಟ್ಟು. ಈ ಗಾಡಿಯಲ್ಲಿ ಗೇರಿನ ಸನ್ನೆಯೇ ಕಿಕ್ಕಿನ ಸನ್ನೆ. ಅದನ್ನು ಮೇಲಕ್ಕೆ ತಿರುಗಿಸಿ ತುಳಿದರೆ ಕದಲಲೇ ಇಲ್ಲ. ಪಿಸ್ಟನ್ನು ಸಿಲಿಂಡರಿನಲ್ಲಿ ಕಚ್ಚಿಕೊಂಡಿದ್ದಿತು. ಟಾಕಿಯೊಳಗೆ ಬ್ಯಾಟರಿ ಹಿಡಿದು ನೋಡಿದರೆ ತುಕ್ಕು. ಆದರೂ ಮಿಸ್ತ್ರಿ ಕೊಳ್ಳಿರೆಂದನು. ಪಿಸ್ಟನ್ನನ್ನು ಎಲ್ಲಿಂದಲಾದರೂ ತರಿಸಬಹುದು, ಕಂಪನಿಯ ಮೂಲ ಟಾಕಿ, ಬದಿಯ ಡಬ್ಬಿಗಳು ಕಳೆದಿದ್ದರೆ ಮಾತ್ರ ಹುಡುಕಿ ಸಾಯಬೇಕೆಂಬದು ಅವನ ವಾದ.

ಆ ತಾಯಿಗೆ ನಿಜವಾದ ಬೆಲೆಯನ್ನು ಬಿಚ್ಚಿ ಹೇಳಿದೆವು. ಕೆಟ್ಟುನಿಂತ ಸ್ಥಿತಿಯಲ್ಲಿ ಮೂವತ್ತು ಸಾವಿರ ನ್ಯಾಯವೆಂದು ಮಿಸ್ತ್ರಿಯೂ ನುಡಿದನು. ನಮ್ಮ ಮನೆಯ ಸೋರುವ ಮಾಳಿಗೆಯ ದುರಸ್ತಿಗೆಂದು ಇಟ್ಟ ಹಣವದು. ಪ್ರಶ್ನೆ ಕೇಳಿದವರೇ, ಇನ್ನೊಂದು ಮಳೆಗಾಲ ಬಕೀಟು ಇಟ್ಟರಾಯಿತೆಂದು ಅಪ್ಪಣೆ ಕೊಟ್ಟಿದ್ದರು.

ಕಾಗದಪತ್ರಗಳ ತೊಡಕು ಬೇರೆಯೇ. ಗಾಡಿ ನೋಂದಣಿಯಾದಾಗ ಬಾಗಲಕೋಟೆ ಜಿಲ್ಲೆಯೇ ಇರಲಿಲ್ಲ. ೧೯೯೭ರವರೆಗೆ ನಾವೆಲ್ಲರೂ ವಿಜಾಪುರ ಜಿಲ್ಲೆಯವರು. ಆದ್ದರಿಂದ ಅಂಕಿ ಕೆಎ ೨೮ರದು. ಖಾಸಗಿ ಗಾಡಿಯ ನೋಂದಣಿ ಹದಿನೈದು ವರುಷದ್ದು, ಆ ಬಳಿಕ ಐದೈದು ವರುಷಕ್ಕೊಮ್ಮೆ ಹೊಸದು ಮಾಡಿಸತಕ್ಕದ್ದು. ಇದರ ಅವಧಿ ೨೦೨೨ರಲ್ಲಿಯೇ ತೀರಿತ್ತು. ಮೇಲಾಗಿ ಪುಸ್ತಕದಲ್ಲಿದ್ದದ್ದು ತೀರಿಹೋದವರ ಹೆಸರು. ತೀರಿದವರ ಹೆಸರಿನಿಂದ ನೇರವಾಗಿ ಕೊಳ್ಳಬಾರದು. ಮರಣದ ದಾಖಲೆಯೊಡನೆ ೩೧ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಬೇಕು, ಅವರಿಂದ ನಮಗೆ ೨೯ ಮತ್ತು ೩೦ನೆಯ ನಮೂನೆಗಳು, ಅವಧಿಗೆ ೨೫ನೆಯದು. ಪರಊರಿನಲ್ಲಿದ್ದ ಅವರ ಮಗನ ಒಪ್ಪಿಗೆಯನ್ನೂ ಬರೆಯಿಸಿಕೊಂಡೆವು. ನಾಲ್ಕು ತಿಂಗಳು ಓಡಾಟ.

ಇನ್ನು ಎಂಜಿನ್. ಎರಡು ಸ್ಟ್ರೋಕಿನ ಈ ಯಂತ್ರದಲ್ಲಿ ಗೇರಿನ ಎಣ್ಣೆ ಬೇರೆಯಿದ್ದರೂ, ಪಿಸ್ಟನ್ನಿಗೂ ಅದರ ಕೆಳಗಿನ ಬೇರಿಂಗುಗಳಿಗೂ ಪೆಟ್ರೋಲಿನಲ್ಲಿ ಕೂಡಿಸಿದ ಎಣ್ಣೆಯೇ ಆಧಾರ. ಗಾಡಿ ವರುಷಗಟ್ಟಲೆ ನಿಂತರೆ ಆ ಪಸೆ ಆರಿ, ತೇವಕ್ಕೆ ತುಕ್ಕು ಹಿಡಿಯುವದು. ಸುತ್ತಿಗೆಯಿಂದ ಬಡಿಯದೆ, ಪ್ಲಗ್ಗಿನ ರಂಧ್ರದಿಂದ ಡೀಸೆಲ್ ಬೆರೆಸಿದ ಎಣ್ಣೆ ಸುರಿದು ಮಿಸ್ತ್ರಿ ಎಂಟು ದಿನ ಕಾದನು. ಬಿಡಿಸಿಕೊಂಡ ಸಿಲಿಂಡರಿನ ಗೋಡೆ ಗೀರುಬಿದ್ದಿತ್ತು. ಲೇಥಿನವರಲ್ಲಿ ಕೊರೆಯಿಸಿ ಒಂದಳತೆ ದೊಡ್ಡ ಪಿಸ್ಟನ್ನನ್ನು ಕೂಡಿಸಿದೆವು. ಕ್ರ್ಯಾಂಕಿನ ಎರಡು ಬದಿಯ ರಬ್ಬರಿನ ಆಯಿಲ್ ಸೀಲುಗಳು ಕಟಕಟ ಒಣಗಿದ್ದವು. ಅವು ಒಣಗಿದರೆ ಹೊರಗಿನ ಗಾಳಿ ಒಳಸೇರಿ, ಪೆಟ್ರೋಲೂ ಎಣ್ಣೆಯೂ ತೆಳುವಾಗಿ, ಎಂಜಿನ್ ಕಾದು ಪುನಃ ಕಚ್ಚಿಕೊಳ್ಳುವದು. ಬಣ್ಣಕ್ಕೂ ನಿಕ್ಕಲ್ಲಿಗೂ ಹಣ ಚೆಲ್ಲಿ ಈ ಚಿಲ್ಲರೆ ಸೀಲುಗಳನ್ನು ಮರೆತವರು ದಾರಿಯ ನಡುವೆ ಕುಳಿತದ್ದನ್ನು ಮಿಸ್ತ್ರಿ ಬಹಳ ಕಂಡಿದ್ದಾನಂತೆ. ಟಾಯರುಗಳಿಗೆ ಹಲ್ಲಿದ್ದರೂ ಬದಿ ಬಿರಿದಿದ್ದುದರಿಂದ ಎಸೆದೆವು. ಬ್ರೇಕು, ವಾಯರು ಹೊಸವು. ಬಣ್ಣವನ್ನು ಮುಟ್ಟಲಿಲ್ಲ. ಒಟ್ಟು ಇಪ್ಪತ್ತಮೂರು ಸಾವಿರ ಖರ್ಚಾಯಿತು.

ಹೊಸ ಪಿಸ್ಟನ್ನು ಕುಳಿತುಕೊಳ್ಳುವವರೆಗೆ ಓಡಿಸಬಾರದು, ನಡೆಸಬೇಕು. ಮೃಗಶಿರ ಮಳೆಯ ಮೊದಲ ಹನಿಗಳೊಡನೆ ನಾವಿಬ್ಬರೂ ಲೀಟರಿಗೆ ೪೦ ಮಿಲಿ ಎಣ್ಣೆ ಕೂಡಿಸಿಕೊಂಡು, ಗಂಟೆಗೆ ನಾಲ್ವತ್ತು ಕಿಲೋಮೀಟರು ಮೀರದೆ, ಗುಳೇದಗುಡ್ಡದ ಮೇಲಿಂದ ಬಾದಾಮಿಗೆ ಹೊರಟೆವು. ಇಳಿಜಾರಿನಲ್ಲಿ ಆಕ್ಸಲರೇಟರ್ ಪೂರ್ತಿ ಬಿಟ್ಟರೆ ಎಣ್ಣೆಯೂ ನಿಲ್ಲುವದಾದ್ದರಿಂದ ಆಗಾಗ ತುಸು ತಿರುವಬೇಕು. ೫೭೮ನೆಯ ಇಸವಿಯ ಮಂಗಲೇಶನ ಶಾಸನವಿರುವ ಮೂರನೆಯ ಗುಹೆಯನ್ನು ನೋಡಿ ಇಳಿಯುವಷ್ಟರಲ್ಲಿ ಎಂಜಿನ್ ತಣಿದಿತ್ತು. ಪಟ್ಟದಕಲ್ಲು, ಐಹೊಳೆ, ಅಮೀನಗಡದಲ್ಲಿ ಕರದಂಟು, ಹುನಗುಂದ. ಸಂಜೆಗೆ ಇಳಕಲ್.

ಓಣಿಯ ತಿರುವಿನಲ್ಲಿಯೇ ಸದ್ದು ಕೇಳಿ ಆ ತಾಯಿ ಹೊರಗೆ ಬಂದು ಕಟ್ಟೆಯ ಮೇಲೆ ನಿಂತಿದ್ದರು. ನಾವು ಎಂಜಿನ್ನನ್ನು ನಿಲ್ಲಿಸಹೋದರೆ, ಕೈಯೆತ್ತಿ ಬೇಡವೆಂದರು. ಸ್ವಲ್ಪ ಹೊತ್ತು ಕೇಳಿ, "ಅವರು ಇದಕಿಂತ ಸಾವಕಾಶ ಹೊಡೀತಿದ್ದರು ತಮ್ಮಾ," ಎಂದು ಹೇಳಿ, ಮಾಸ್ತರರ ಪಾನಾಗಳ ಚೀಲವನ್ನು ತರಲು ಒಳಗೆ ಹೋದರು.