ಬತ್ತೇರಿಯ ಸಣ್ಣ ಅಂಗಡಿಗಳು

ಗುಂಡ್ಲುಪೇಟೆಯ ನಮಗೆ ಬಂಡೀಪುರದ ಆಚೆಯ ಪೇಟೆ ಎಂದರೆ ವಯನಾಡಿನ ಸುಲ್ತಾನ್ ಬತ್ತೇರಿ. ನಾವು ಬೆಳೆದ ಟೊಮೆಟೊ, ಓಣಂ ಹೊತ್ತಿಗೆ ಚೆಂಡುಹೂವು ಅಲ್ಲಿನ ಅಂಗಡಿಗಳಿಗೆ ಹೋಗುತ್ತವೆ. 2009ರಿಂದ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿ ಓಡುವಂತಿಲ್ಲ. ಆನೆ, ಜಿಂಕೆಗಳ ಮುಖ ನೋಡಿ ನಾನಂತೂ ಒಪ್ಪುತ್ತೇನೆ. ಬತ್ತೇರಿಯವರು ಒಪ್ಪುವುದಿಲ್ಲ, 2019ರಲ್ಲಿ ಅಲ್ಲಿ ಯುವಕರು ಉಪವಾಸವೇ ಕೂತರು.

ಆಮೇಲೆ 2024ರ ಜುಲೈ 30ರಂದು ಅದೇ ವಯನಾಡಿನ ಚೂರಲ್‌ಮಲ ಭೂಕುಸಿತ. ಪ್ರವಾಸಿಗರು ತಿಂಗಳುಗಟ್ಟಲೆ ಇಡೀ ಜಿಲ್ಲೆಗೇ ಬೆನ್ನು ಹಾಕಿದರು. ನೇಂದ್ರಬಾಳೆಯನ್ನು ಕಾದ ಕೊಬ್ಬರಿ ಎಣ್ಣೆಯ ಮೇಲೇ ಹೆರೆಯುವ ಚಿಪ್ಸ್ ಅಂಗಡಿಯಾತ ಆಗ, “ಬಾಣಲೆ ಇಡೋದೇ ಸಂಜೆ ಮೇಲೆ, ಸಾರ್” ಎಂದ. ಆ ದಾರಿ ಹಿಡಿದವರು ಕಾಳುಮೆಣಸನ್ನೂ ಇಂಥವರ ಹತ್ತಿರವೇ ಕೊಳ್ಳಿ. ಚಿಪ್ಸ್ ಕಟ್ಟುವಾಗ ಒಂದು ಹಿಡಿ ಹೆಚ್ಚೇ ಹಾಕುತ್ತಾರೆ.