ರಾಗಿ ಹೊಲದ ರಿಸ್ಕ್ ಲೆಕ್ಕ: ಅಕ್ಕಡಿ ಸಾಲು

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯೋ ನದಿ ಒಂದೂ ಇಲ್ಲ. ಸುಗಟೂರು ಕಡೆ ಖುಷ್ಕಿ ಹೊಲಕ್ಕೆ ಮಳೆ ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ಇಂಥ ಕಡೆ ಒಂದೇ ಬೆಳೆ ನಂಬಿ ಕೂತ್ರೆ ಸಂಸಾರ ನಡೆಯುತ್ತಾ?

ಇಲ್ಲಿ ಬಿತ್ತೋ ಕೂರಿಗೆ ನೋಡಿ. ಇದರಲ್ಲಿ ಬೀಳೋದು ರಾಗಿ. ಹಿಂದೆ ಹಗ್ಗ ಕಟ್ಟಿ ಎಳೆಯೋ ಒಂಟಿ ಕೊಳವೆ ಇದೆಯಲ್ಲ, ಅದು ಸಡ್ಡೆ. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ಹಲವು ಸಾಲು ರಾಗಿಗೆ ಇಂಥದ್ದೊಂದು ಸಾಲು: ಅಕ್ಕಡಿ.

ರಾಗಿ ಬೇರು ಮೇಲ್ಮಣ್ಣಿನ ತೇವ ಹೀರುತ್ತೆ, ತೊಗರಿದು ಆಳಕ್ಕಿಳಿಯುತ್ತೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತೆ. ಜೋಳದ ದಂಟು ದನಕ್ಕೆ. ರಾಗಿ ಕೊಯ್ದ ಮೇಲೂ ಅವರೆ ನಿಂತಿರುತ್ತೆ. ಚಳಿಗೆ, ಇಬ್ಬನಿಗೆ ಸೊಗಡು ಕಟ್ಟೋದೇ ಆಗ. ಮಳೆ ಮುಂದೆ ಹೋದ್ರೆ ರಾಗಿ ಸೊರಗಬಹುದು, ಆದ್ರೆ ಎಲ್ಲವೂ ಒಟ್ಟಿಗೆ ಕೈಕೊಡೋದು ಅಪರೂಪ. ಎಂಬಿಎ ಮೇಷ್ಟ್ರು ‘ಪೋರ್ಟ್‌ಫೋಲಿಯೊ’ ಅಂತ ಸ್ಲೈಡ್ ಹಾಕಿ ಹೇಳೋದೂ ಇದನ್ನೇ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಮಿಶ್ರ ಬಿತ್ತನೆಯನ್ನ ಬರೆದಿಟ್ಟಿದ್ದಾನೆ.

ಕಷ್ಟವೂ ಇದೆ ಅನ್ನಿ. ಮಿಶ್ರ ಬೆಳೆಗೆ ಕಟಾವು ಮೆಷಿನ್ ಇಳಿಸೋಕಾಗಲ್ಲ, ಕುಡುಗೋಲೇ ಗತಿ, ಕೂಲಿಯೋ ದುಬಾರಿ. ಬೋರ್‌ವೆಲ್ ಇದ್ದೋರು ಟೊಮೆಟೊ ಕಡೆ ವಾಲಿದ್ದಾರೆ. ಅಲ್ಲಿ ರೇಟು ಬಿದ್ರೆ ಹಿಡಿದುಕೊಳ್ಳೋಕೆ ಪಕ್ಕದ ಸಾಲು ಇರಲ್ಲ.