ನಾಯಿಗೆ ಫ್ರೆಂಚ್ ಹೆಸರು: ಅಜ್ಜಿಯ ಬಾಯಲ್ಲೂ ನಿಲ್ಲಬೇಕು

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆ ಎಂದರೆ ಈಗ ಬಹಳ ಜನಕ್ಕೆ ಕೈಗಾರಿಕಾ ಪ್ರದೇಶ. ಕೆಲಸದ ದೆಸೆಯಿಂದ ಬೆಂಗಳೂರು ಕಡೆಯವರು, ಹಿಂದೂಪುರ ಕಡೆಯವರು, ಇಲ್ಲೇ ಹುಟ್ಟಿ ಬೆಳೆದವರು ಎಲ್ಲರೂ ಬೆರೆಯುವ ಜಾಗ. ಇಂಥ ಕಡೆ ಮನೆಗೊಂದು ನಾಯಿಮರಿ ಬಂತೆಂದರೆ ಮೊದಲ ಚರ್ಚೆಯೇ ಹೆಸರಿನದು. ಟಾಮಿ, ಜಿಮ್ಮಿ, ಟೈಗರ್, ರಾಜ, ಕರಿಯ ಇವೆಲ್ಲ ಹಳೆಯದಾಯಿತು ಎನ್ನುತ್ತಾರೆ ಮಕ್ಕಳು. ಮೊಬೈಲಿನಲ್ಲಿ ಹುಡುಕಿ ಬಿಜೂ, ಕೊಕೊ, ಶೆರಿ, ಬೆಲ್ ಎಂದು ಫ್ರೆಂಚ್ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾರೆ. ಇಡಲಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಹೆಸರನ್ನು ದಿನಕ್ಕೆ ಹತ್ತಾರು ಸಲ ಕೂಗುವವರು ಮಕ್ಕಳಲ್ಲ. ಅವರು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಉಳಿಯುವ ಅಜ್ಜಿ, ಹಾಲು ಹಾಕಲು ಬರುವವರು, ತೆಲುಗಿನಲ್ಲೇ ಮಾತಾಡುವ ಪಕ್ಕದ ಮನೆಯವರು. ಹಾಗಾಗಿ ಫ್ರೆಂಚ್ ಹೆಸರನ್ನು ಆರಿಸಬೇಕಾದದ್ದು ಪ್ಯಾರಿಸ್ಸಿನ ಕಿವಿಯಿಂದಲ್ಲ, ನಮ್ಮ ಅಂಗಳದ ಕಿವಿಯಿಂದ.

ನಾಯಿಗೆ ಹೆಸರು ಎಂದರೆ ಏನು ಎನ್ನುವುದರಿಂದ ಶುರು ಮಾಡೋಣ. ಅದಕ್ಕೆ ಅರ್ಥ ಬೇಕಿಲ್ಲ. ಈ ಸದ್ದು ಕೇಳಿದರೆ ನನ್ನನ್ನೇ ಕರೆದದ್ದು, ಹೋದರೆ ಒಳ್ಳೆಯದೇ ಸಿಗುತ್ತದೆ ಎಂಬ ಅನುಭವ ಸಾಕು. ಮನುಷ್ಯನ ಕಿವಿ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳಿದರೆ ನಾಯಿಯ ಕಿವಿ ಸುಮಾರು 45,000 ಹರ್ಟ್ಸ್‌ವರೆಗೆ ಕೇಳುತ್ತದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದೆ ಬೇರೆಯವರ ಮಾತು ಹೆಸರಿನಷ್ಟೇ ಗಟ್ಟಿಯಾಗಿ ಕೇಳುತ್ತಿದ್ದಾಗಲೂ ನಾಯಿಗಳು ತಮ್ಮ ಹೆಸರನ್ನು ಹೆಕ್ಕಿಕೊಂಡವು. ಹಾಗೆಂದು ಅವು ಒಂದೊಂದು ಅಕ್ಷರವನ್ನೂ ಬಿಡಿಸಿ ಕೇಳುತ್ತವೆ ಎಂದುಕೊಳ್ಳಬೇಡಿ. ಬುಡಾಪೆಸ್ಟಿನ ಸಂಶೋಧಕರು 2020ರಲ್ಲಿ ನಾಯಿಗಳ ತಲೆಯ ಮೇಲೆ ನೋವಾಗದಂತೆ ವಿದ್ಯುದ್ವಾರಗಳನ್ನು ಅಂಟಿಸಿ ಮಿದುಳಿನ ಅಲೆಗಳನ್ನು ಅಳೆದರು. ಗೊತ್ತಿರುವ ಪದಕ್ಕೂ ಪೂರಾ ಬೇರೆಯಾದ ಅರ್ಥವಿಲ್ಲದ ಪದಕ್ಕೂ ಇರುವ ವ್ಯತ್ಯಾಸ ನಾಯಿಗಳಿಗೆ ತಿಳಿಯಿತು. ಒಂದೇ ಒಂದು ಧ್ವನಿ ಬದಲಾದ ಪದವನ್ನು ಮಾತ್ರ ಅವು ಬೇರೆಯೆಂದು ಗುರುತಿಸಲಿಲ್ಲ. ಮನೆಯಲ್ಲಿ ಹೆಸರು ಇಡುವವರಿಗೆ ಇದಕ್ಕಿಂತ ಉಪಯುಕ್ತ ತಿಳಿವಳಿಕೆ ಇನ್ನೊಂದಿಲ್ಲ. ಎರಡು ನಾಯಿಗಳಿದ್ದು ಒಂದಕ್ಕೆ ಮಿಲೂ, ಇನ್ನೊಂದಕ್ಕೆ ಫಿಲೂ ಎಂದಿಟ್ಟರೆ ಒಂದನ್ನು ಕರೆದಾಗ ಎರಡೂ ಓಡಿಬರುತ್ತವೆ. ದಿನಬಳಕೆಯ ಮಾತಿಗೆ ಹತ್ತಿರದ ಹೆಸರಿಟ್ಟರೆ ಕರೆಯದಿದ್ದಾಗಲೂ ತಲೆ ಎತ್ತುತ್ತದೆ, ಕೊನೆಗೊಮ್ಮೆ ಬೇಸತ್ತು ಕರೆದಾಗಲೂ ಎತ್ತುವುದಿಲ್ಲ.

ಬಿ-ಜೂ ಎಂಬಂತೆ ಎರಡು ಉಚ್ಚಾರದ ಹೆಸರು ಎಲ್ಲಕ್ಕಿಂತ ಒಳ್ಳೆಯದು. ಒಂದೇ ಉಚ್ಚಾರವಾದರೆ ಮಾತಿನ ನಡುವೆ ಕಳೆದುಹೋಗುತ್ತದೆ, ನಾಲ್ಕಾದರೆ ಎರಡು ದಿನದಲ್ಲಿ ನಾವೇ ಮೊಟಕು ಮಾಡುತ್ತೇವೆ. ಕೊನೆಯಲ್ಲಿ ಸ್ವರವಿದ್ದರಂತೂ ಚಿನ್ನ. ನಾವು ದೂರದಲ್ಲಿರುವವರನ್ನು ಕೂಗುವಾಗ ಕೊನೆಯ ಸ್ವರವನ್ನು ಎಳೆಯುತ್ತೇವಲ್ಲ: ರಾಜಾ, ಕರಿಯಾ. ಹೊಲದ ಆ ಬದುವಿನಿಂದ ಈ ಬದುವಿಗೆ ತಲುಪುವುದು ಆ ಎಳೆತವೇ. ಫ್ರೆಂಚಿನಲ್ಲೂ ಒತ್ತು ಬೀಳುವುದು ಪದದ ಕೊನೆಯ ಉಚ್ಚಾರದ ಮೇಲೆ. ಹೀಗಾಗಿ ಬಿಜೂ, ಮಿಲೂ, ಕೊಕೊ, ಪ್ಯೆರೋ ಮುಂತಾದವು ನಮ್ಮ ಕೂಗಿಗೆ ಹೇಳಿ ಮಾಡಿಸಿದಂತಿವೆ. ವ್ಯಂಜನದಲ್ಲಿ ಮುಗಿಯುವ ಹೆಸರಿಗೆ ನಮ್ಮ ಬಾಯಿ ತಾನಾಗಿ ಒಂದು ಉಕಾರ ಸೇರಿಸುತ್ತದೆ. ಚೆಲುವೆ ಎಂಬರ್ಥದ ಬೆಲ್ ನಮ್ಮಲ್ಲಿ ಬೆಲ್ಲು ಆಗುತ್ತದೆ, ಮುದ್ದು ಹೆಚ್ಚಾದರೆ ಬೆಲ್ಲ ಆಗುತ್ತದೆ. ನನ್ನನ್ನು ಕೇಳಿದರೆ ಅದಕ್ಕಿಂತ ಒಳ್ಳೆಯ ಗತಿ ಒಂದು ಫ್ರೆಂಚ್ ಹೆಸರಿಗೆ ಈ ಸೀಮೆಯಲ್ಲಿ ಸಿಗಲಾರದು.

ಫ್ರೆಂಚಿನ ದೊಡ್ಡ ತೊಡಕು ಬರೆಯುವುದೊಂದು, ನುಡಿಯುವುದೊಂದು ಎನ್ನುವುದು. ಪದದ ಕೊನೆಯ ಎಷ್ಟೋ ವ್ಯಂಜನಗಳು ಬಾಯಿಗೆ ಬರುವುದೇ ಇಲ್ಲ. ಮಾರ್ಗೋ ಎಂಬ ಹೆಣ್ಣು ಹೆಸರಿನ ಕೊನೆಗೆ ಇಂಗ್ಲಿಷ್ ಲಿಪಿಯ ಟಿ ಇದೆ. ಅದನ್ನು ಓದಿದವರು ಮಾರ್ಗಾಟ್ ಎನ್ನುತ್ತಾರೆ, ಕೇಳಿ ಕಲಿತವರು ಮಾರ್ಗೋ ಎನ್ನುತ್ತಾರೆ, ಹಿರಿಯರಿಗೆ ಬೇವಿನ ಸೋಪು ನೆನಪಾಗುತ್ತದೆ. ಒಂದೇ ಮನೆಯಲ್ಲಿ ಎರಡು ಉಚ್ಚಾರಣೆ ನಡೆದರೆ ಮರಿ ಎರಡು ಹೆಸರು ಕಲಿಯಬೇಕಾಗುತ್ತದೆ. ಆದ್ದರಿಂದ ಹೆಸರು ಇಷ್ಟವಾದ ಕೂಡಲೇ ಅದನ್ನು ಕನ್ನಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೋ ಅಡುಗೆಮನೆಯ ಬಾಗಿಲಿಗೋ ಅಂಟಿಸಿ. ಫ್ರೆಂಚರು ಹೇಗೆ ನುಡಿಯುತ್ತಾರೋ ಹಾಗೇ ಬರಬೇಕೆಂಬ ಹಟ ಬೇಡ. ಬಿಜೂವಿನ ಜಕಾರ ಅವರಲ್ಲಿ ಬೇರೆಯೇ ತೆಳು ಧ್ವನಿ; ನಮ್ಮ ಗಟ್ಟಿ ಜಕಾರದಲ್ಲಿ ಕರೆದರೂ ಮರಿ ಅದನ್ನೇ ತನ್ನದೆಂದುಕೊಳ್ಳುತ್ತದೆ. ಎಲ್ಲರೂ ಒಂದೇ ಥರ ಕರೆಯುವುದು ಮುಖ್ಯ. ಮೂಗಿನಲ್ಲಿ ನುಡಿಯುವ ಸ್ವರಗಳಿರುವ ಹೆಸರುಗಳನ್ನು ಮಾತ್ರ ಬಿಟ್ಟುಬಿಡುವುದು ಲೇಸು. ಪೊಂಪೊಂ ಎಂಬುದು ಉಣ್ಣೆಯ ಉಂಡೆಯಂಥ ನಾಯಿಗೆ ಚೆಂದದ ಹೆಸರೇ, ಆದರೆ ಲಾರಿಗಳು ಓಡಾಡುವ ರಸ್ತೆ ಪಕ್ಕದ ಮನೆಯಲ್ಲಿ ಪ್ರತಿ ಹಾರನ್ನೂ ಅದನ್ನು ಕರೆದಂತೆಯೇ ಕೇಳುತ್ತದೆ. ನಾಯಿ ರಸ್ತೆಗೆ ನುಗ್ಗಲು ಕಾರಣವಾಗಬಹುದಾದ ಹೆಸರು ಎಷ್ಟು ಸ್ಟೈಲಾಗಿದ್ದರೂ ಬೇಡ.

ಇನ್ನು ನಮ್ಮ ಗಡಿನಾಡಿನದೇ ಆದ ಪರೀಕ್ಷೆ. ಗೌರಿಬಿದನೂರು, ಚಿಂತಾಮಣಿ ಕಡೆಯ ಎಷ್ಟೋ ಮನೆಗಳಲ್ಲಿ ಕನ್ನಡ ತೆಲುಗು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ನಾಯಿಗೆ ಹೇಳುವ ಆಜ್ಞೆಗಳಲ್ಲಿ ಇಂಗ್ಲಿಷೂ ಸೇರುತ್ತದೆ. ಬಾ, ರಾ, ಕಮ್ ಮೂರೂ ಕರೆಯುವುದಕ್ಕೆ. ಹೋಗು, ಪೋ, ಗೋ ಮೂರೂ ಕಳಿಸುವುದಕ್ಕೆ. ಬೇಡ, ವದ್ದು, ನೋ ಮೂರೂ ತಡೆಯುವುದಕ್ಕೆ. ಆರಿಸಿದ ಹೆಸರನ್ನು ಈ ಒಂಬತ್ತು ಮಾತುಗಳ ಪಕ್ಕದಲ್ಲಿಟ್ಟು ಗಟ್ಟಿಯಾಗಿ ಹೇಳಿ ನೋಡಬೇಕು. ಸುಂದರ ಎಂಬರ್ಥದ ಗಂಡು ಹೆಸರು ಬೋ. ಅದು ಪೋ, ಗೋ, ನೋ ಮೂರಕ್ಕೂ ಅಂಟಿಕೊಳ್ಳುತ್ತದೆ. ನೊಏ ಎಂಬ ಹೆಸರಿನಲ್ಲಂತೂ ನೋ ಒಳಗೇ ಕೂತಿದೆ. ರಾಜ ಎಂಬರ್ಥದ ರ್ವಾ ತೆಲುಗಿನ ರಾ ಆಗಿಬಿಡುತ್ತದೆ. ಮಗುವನ್ನು ಕರೆದರೂ ನಾಯಿ ಬರುತ್ತದೆ. ಶೆರಿ ನಮ್ಮ ನಾಲಿಗೆಯಲ್ಲಿ ಸೆರಿ ಆಗುತ್ತದೆ; ಫೋನಿನಲ್ಲಿ ಮಾತಾಡುತ್ತಾ ನಾವು ಸರಿ ಸರಿ ಎಂದಾಗಲೆಲ್ಲ ಅದರ ಕಿವಿ ನಿಮಿರುತ್ತದೆ.

ಫ್ರೆಂಚರು ತುಂಬ ಮುದ್ದಿನವರನ್ನು ಶುಶು ಎನ್ನುತ್ತಾರೆ. ನಮ್ಮಲ್ಲಿ ಛೂ ಎಂದರೆ ನಾಯಿಯನ್ನು ಯಾರ ಮೇಲಾದರೂ ಬಿಡುವ ಮಾತು. ನಾಯಿಗೆ ಶುಶು ಎಂದಿಟ್ಟು ಬೀದಿಯಲ್ಲಿ ಕೂಗಿದರೆ ದಾರಿಹೋಕರು ಗಾಬರಿಯಾಗುವುದು ಖಂಡಿತ. ಹುಷಾರಿ ತುಂಟ ಎಂಬರ್ಥದ ಫಿಲೂ ಒಳ್ಳೆಯ ಹೆಸರು, ಆದರೆ ಫಕಾರ ಒಗ್ಗದ ಬಾಯಲ್ಲಿ ಪಿಲ್ಲು ಆಗಿ, ತೆಲುಗಿನ ಪಿಲ್ಲಿಗೆ, ಅಂದರೆ ಬೆಕ್ಕಿಗೆ, ತೀರಾ ಹತ್ತಿರ ಹೋಗುತ್ತದೆ. ತಾತನನ್ನು ಅಕ್ಕರೆಯಿಂದ ಫ್ರೆಂಚರು ಪಾಪಿ ಎನ್ನುತ್ತಾರೆ. ಮುಗ್ಧ ಪ್ರಾಣಿಯೊಂದನ್ನು ಆ ಹೆಸರಿನಿಂದ ಕರೆಯಲು ನನಗಂತೂ ಮನಸ್ಸು ಬರುವುದಿಲ್ಲ. ಈ ಜರಡಿಯಲ್ಲಿ ಕೆಳಗೆ ಬೀಳದೆ ಉಳಿಯುವವು ಬಿಜೂ, ಮಿಲೂ, ಬೆಲ್, ಲುನೆತ್, ಕ್ಯಾರಮೆಲ್, ಪ್ರಾಲಿನ್, ಬಿಸ್ಕುಇಯ ನಮ್ಮ ರೂಪವಾದ ಬಿಸ್ಕತ್ತು. ಕೊಕೊ ಕೂಡ ಉಳಿಯುತ್ತದೆ. ತೆಲುಗಿನ ಕುಕ್ಕಕ್ಕೆ ಹತ್ತಿರವಾದರೂ ಕುಕ್ಕ ಎಂದರೆ ನಾಯಿಯೇ ಆದ್ದರಿಂದ ನಷ್ಟವಿಲ್ಲ.

ಅರ್ಥ ನೋಡದೆ ಇಡಬೇಡಿ. ಪ್ಯೂಸ್ ಎಂಬುದು ಅಲ್ಲಿ ಮುದ್ದಿನ ಮಾತೇ, ನಿಜಾರ್ಥ ಮಾತ್ರ ಚಿಗಟ. ಗಂಡು ಹೆಣ್ಣಿನ ರೂಪ ಬೇರೆಬೇರೆ ಎನ್ನುವುದೂ ನೆನಪಿರಲಿ: ಗಂಡಿಗೆ ಬೋ, ಹೆಣ್ಣಿಗೆ ಬೆಲ್, ಗಂಡಿಗೆ ಪೆತಿ, ಹೆಣ್ಣಿಗೆ ಪೆತಿತ್. ಮರೀ (ಮೇರಿ), ಮಿಶೆಲ್, ಜೋಸೆಫ್ ಮುಂತಾದ ಮನುಷ್ಯರ ಹೆಸರುಗಳನ್ನು ಬಿಡುವುದು ಒಳ್ಳೆಯದು. ಚರ್ಚಿಗೆ ಹೋಗುವ ನಮ್ಮ ನೆರೆಯವರಿಗೆ ಅವು ಸಂತರ ಹೆಸರು, ಮನೆಮಕ್ಕಳ ಹೆಸರು. ಪಕ್ಕದ ಮನೆಯವರ ಮನಸ್ಸು ನೋಯಿಸಿ ನಾಯಿಗೆ ಚೆಂದ ಮಾಡುವುದು ಬೇಡ.

ಹೆಸರು ಹೊಳೆಯುತ್ತಿಲ್ಲ ಎನ್ನುವವರಿಗೆ ಫ್ರಾನ್ಸಿನಲ್ಲೇ ಒಂದು ವಿಧಾನವಿದೆ. ಅಲ್ಲಿ ಶುದ್ಧ ತಳಿಯ ನಾಯಿಗಳ ವಂಶಾವಳಿ ಪುಸ್ತಕ 1885ರಿಂದ ಇದೆ. ಪ್ರತಿ ವರ್ಷಕ್ಕೂ ಒಂದು ಅಕ್ಷರ ಗೊತ್ತು ಮಾಡಿ, ಆ ವರ್ಷ ಹುಟ್ಟಿದ ಮರಿಗಳ ಹೆಸರು ಅದರಿಂದಲೇ ಶುರುವಾಗುವಂತೆ ನೋಡಿಕೊಳ್ಳುತ್ತಾರೆ. ಹೆಸರು ಸಿಗುವುದು ಕಷ್ಟವಾದ ಕೆ, ಕ್ಯೂ, ಡಬ್ಲ್ಯೂ, ಎಕ್ಸ್, ವೈ, ಝಡ್ ಬಿಟ್ಟು ಉಳಿದ 20 ಅಕ್ಷರಗಳು ಸರದಿಯಲ್ಲಿ ಬರುತ್ತವೆ. 2024ಕ್ಕೆ ವಿ, 2025ಕ್ಕೆ ಎ, 2026ಕ್ಕೆ ಬಿ. ನಾಯಿಯ ಹೆಸರು ಕೇಳಿದರೆ ವಯಸ್ಸು ಲೆಕ್ಕ ಹಾಕಬಹುದು! ನಮಗೆ ಇದು ಕಡ್ಡಾಯವೇನಲ್ಲ, ಆದರೆ 2026ರ ಮರಿಗೆ ಬಿಜೂ ಎಂದೋ ಬೆಲ್ ಎಂದೋ ಇಟ್ಟರೆ ಫ್ರೆಂಚರ ಪದ್ಧತಿಗೂ ಸರಿಹೊಂದುತ್ತದೆ. ಚಿತ್ರಕಥೆಗಳನ್ನು ಓದುವ ಮಕ್ಕಳಿದ್ದರೆ ಇನ್ನೂ ಸುಲಭ. 1929ರಲ್ಲಿ ಬೆಲ್ಜಿಯಮ್ಮಿನ ಹರ್ಜೆ ಬರೆಯತೊಡಗಿದ ಟಿನ್‌ಟಿನ್ ಕಥೆಗಳಲ್ಲಿ ಇಂಗ್ಲಿಷ್ ಓದುಗರು ಸ್ನೋಯಿ ಎಂದು ಬಲ್ಲ ಬಿಳಿ ನಾಯಿಯ ಮೂಲ ಹೆಸರೇ ಮಿಲೂ. ಆಸ್ಟರಿಕ್ಸ್ ಕಥೆಗಳ ಪುಟಾಣಿ ನಾಯಿ ಇಡೆಫಿಕ್ಸ್.

ಫ್ರೆಂಚ್ ಎಂದರೆ ಕರ್ನಾಟಕಕ್ಕೆ ತೀರಾ ಅನ್ಯವೂ ಅಲ್ಲ. ಹೈದರ್, ಟಿಪ್ಪು ಸೈನ್ಯದ ಫ್ರೆಂಚರು ಬೀಡುಬಿಟ್ಟಿದ್ದ ಕಾರಣಕ್ಕೆ ಇಂದಿನ ಪಾಂಡವಪುರವನ್ನು ಬ್ರಿಟಿಷರು ಫ್ರೆಂಚ್ ರಾಕ್ಸ್ ಎಂದು ಕರೆದರು. ನಾಯಿಗೆ ಹೆಸರಿಟ್ಟು ಮಾನ ಕೊಡುವುದಂತೂ ನಮ್ಮಲ್ಲಿ ಸಾವಿರ ವರ್ಷ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನ ಶಕ ವರ್ಷ 872ರದು, ಅಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಅರಸ ಬೂತುಗ ಬೇಕಾದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದಿಗೆ ಕಾದಾಡಿ, ಹಂದಿಯೂ ತಾನೂ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿದರು; ಕಾದಾಟ ಅದರ ಮೇಲೇ ಕೆತ್ತಿದೆ. ಕಾಳಿ ಎಂಬ ಹೆಸರನ್ನೇ ನೋಡಿ: ಎರಡು ಉಚ್ಚಾರ, ಗಟ್ಟಿ ವ್ಯಂಜನದಿಂದ ಶುರು, ಎಳೆಯಲು ಬರುವ ಸ್ವರದಲ್ಲಿ ಮುಕ್ತಾಯ. ಪೂರ್ಣಚಂದ್ರ ತೇಜಸ್ವಿಯವರ ಕರ್ವಾಲೊ ಓದಿದವರಿಗೆ ನೆನಪಿರುವ ನಾಯಿಯ ಹೆಸರು ಕಿವಿಯೂ ಹಾಗೆಯೇ. ನಾಯಿ ಬಲ್ಲವರು ಇಟ್ಟ ಹೆಸರುಗಳು ಭಾಷೆ ಯಾವುದಾದರೂ ಇದೇ ಅಚ್ಚಿನಲ್ಲಿ ಬರುತ್ತವೆ.

ಹೆಸರು ಗೊತ್ತಾದ ಮೇಲೆ ಕಲಿಸುವುದು. ಹುಟ್ಟಿದ ಮರಿಗೆ ಕಿವಿ ಕೇಳಿಸುವುದಿಲ್ಲ. ಎರಡು ಮೂರು ವಾರ ಕಳೆದ ಮೇಲೆ ಕಿವಿ ತೆರೆಯುತ್ತದೆ. ಎರಡು ತಿಂಗಳಾಗಿ ಹೊಸ ಮನೆಗೆ ಬಂದಾಗ ಕಲಿಸಲು ಶುರು ಮಾಡಬಹುದು. ಗದ್ದಲವಿಲ್ಲದ ಕಡೆ ಕೂತು ಒಂದೇ ಒಂದು ಸಲ, ಖುಷಿಯ ದನಿಯಲ್ಲಿ ಹೆಸರು ಹೇಳಿ. ಅದು ಮುಖ ನೋಡಿದ ಕ್ಷಣವೇ ಬೇಯಿಸಿದ ಮೊಟ್ಟೆಯ ಚೂರೋ ಮೂಳೆ ತೆಗೆದ ಕೋಳಿಯ ಚೂರೋ ಕೊಡಿ. ಚಾಕೊಲೇಟ್, ಈರುಳ್ಳಿ, ದ್ರಾಕ್ಷಿ ನಾಯಿಗೆ ವಿಷ, ಮುದ್ದಿಗೂ ಕೊಡಬಾರದು. ಒಂದು ಹೊತ್ತಿಗೆ ಐದು ನಿಮಿಷ ಸಾಕು. ನೋಡದಿದ್ದರೆ ಅದೇ ಹೆಸರನ್ನು ಹತ್ತು ಸಲ ಕೂಗಬೇಡಿ; ಹತ್ತಿರ ಹೋಗಿ ಬೇರೆ ಸದ್ದು ಮಾಡಿ ಗಮನ ಸೆಳೆದು, ಆಮೇಲೆ ಮತ್ತೆ ಕರೆಯಿರಿ. ಬೈಯುವಾಗ, ಸ್ನಾನಕ್ಕೆ ಎಳೆಯುವಾಗ, ಸೂಜಿ ಹಾಕಿಸುವಾಗ ಹೆಸರು ಹಿಡಿದು ಕರೆಯಬೇಡಿ. ಬಿಜೂ ಎಂದರೆ ಪೆಟ್ಟು ಎಂದು ಕಲಿತ ನಾಯಿ, ಹೆಸರು ಕೇಳಿದ ಕೂಡಲೇ ಮಂಚದ ಕೆಳಗೆ ಸೇರುತ್ತದೆ. ಬೀದಿಯಿಂದ ತಂದ ದೊಡ್ಡ ನಾಯಿಗೆ ಕರಿಯ ಎಂಬ ಹಳೆಯ ಹೆಸರು ರೂಢಿಯಾಗಿದ್ದರೆ ಕೆಲವು ದಿನ ಹೊಸ ಹೆಸರು ಹೇಳಿದ ಕೂಡಲೇ ಹಳೆಯದನ್ನೂ ಹೇಳಿ ತಿಂಡಿ ಕೊಡಿ. ಹೊಸದು ಕೇಳಿದೊಡನೆಯೇ ತಿರುಗಲು ಶುರು ಮಾಡಿದಾಗ ಹಳೆಯದನ್ನು ಬಿಡಬಹುದು.

ಫ್ರೆಂಚ್ ಹೆಸರು ಬೇಕೆಂದು ಫ್ರೆಂಚ್ ಬುಲ್‌ಡಾಗನ್ನೇ ತರಬೇಕಿಲ್ಲ. ಚಪ್ಪಟೆ ಮೂತಿಯ ಆ ನಾಯಿ ಸರಿಯಾಗಿ ಉಸಿರಾಡಲೇ ಕಷ್ಟಪಡುತ್ತದೆ. ನಾಯಿ ಮೈ ತಂಪು ಮಾಡಿಕೊಳ್ಳುವುದೋ ಏದುಸಿರಿನಿಂದ, ಅದಕ್ಕೆ ಉಸಿರಿನ ದಾರಿ ಸಲೀಸಾಗಿರಬೇಕು. ಗೌರಿಬಿದನೂರಿನ ಏಪ್ರಿಲ್ ಬಿಸಿಲಿನಲ್ಲಿ ಅದು ಪಡುವ ಪಾಡು ನೋಡಲಾಗದು. ನಮ್ಮ ಬೀದಿಯಲ್ಲೇ ಹುಟ್ಟಿದ ಕೆಂದು ಬಣ್ಣದ ನಾಡುನಾಯಿಗೆ ಕ್ಯಾರಮೆಲ್ ಎಂದಿಟ್ಟು ನೋಡಿ, ಎಷ್ಟು ಒಪ್ಪುತ್ತದೆ!

ತಳಿಯ ನಾಯಿಯಾದರೆ ಚೆನ್ನೈನ ಕೆನೆಲ್ ಕ್ಲಬ್ ಆಫ್ ಇಂಡಿಯಾದ ಕಾಗದದಲ್ಲಿ ಉದ್ದನೆಯ ಹೆಸರಿರಬಹುದು, ಮನೆಯಲ್ಲಿ ಕರೆಯುವ ಚಿಕ್ಕ ಹೆಸರು ಬೇರೆಯೇ ಇರಬಹುದು. ಯಾವ ನಾಯಿಯಾದರೂ ಮೂರು ತಿಂಗಳಿಗೆ ಪಶು ಆಸ್ಪತ್ರೆಗೆ ಕರೆದೊಯ್ದು ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ಪ್ರತಿ ವರ್ಷ ಮರುಲಸಿಕೆ ಹಾಕಿಸಿ. ಅಲ್ಲಿ ಕೊಡುವ ಲಸಿಕೆ ಕಾರ್ಡಿನ ಮೇಲೆ ಕರೆಯುವ ಹೆಸರನ್ನೇ, ಕರೆಯುವ ಹಾಗೇ, ಕನ್ನಡದಲ್ಲಿ ಬರೆಸಿ. ಕೊರಳ ಪಟ್ಟಿಯ ಬಿಲ್ಲೆಯ ಒಂದು ಬದಿಗೆ ಆ ಹೆಸರು, ಇನ್ನೊಂದು ಬದಿಗೆ ನಿಮ್ಮ ಫೋನ್ ನಂಬರ್ ಇರಲಿ.